ಇನ್ನೂರು ರೂಪಾಯಿಯ ಅಧಿಕಾರ: ತಾಲೂಕು ನ್ಯಾಯಾಲಯದಲ್ಲಿ ನ್ಯಾಯಾಂಗ ನಿಂದನೆ

(ನಮ್ಮೂರಿನ ಗ್ರಂಥಾಲಯದಲ್ಲಿ ಸೇರಿದ್ದ ಓದುಗರ ಎದುರು ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ನಾನು ವಕೀಲಿಕೆಗೆ ಬಂದು ನಾಲ್ಕೋ ಐದೋ ವರ್ಷವಾಗಿತ್ತು. ಅಣ್ಣತಮ್ಮಂದಿರ ನಡುವಿನ ಪಾಲುವಿಭಾಗದ ದಾವೆ. ನಾನು ತಮ್ಮನ ಪರ. ಎದುರು ಪಕ್ಷದಲ್ಲಿದ್ದ ಅಣ್ಣ ಎಪ್ಪತ್ತರ ಆಸುಪಾಸಿನ ರೈತರು. ಹನ್ನೊಂದನೆಯ ವರ್ಷಕ್ಕೆ ಕಾಲಿಟ್ಟಿದ್ದ ದಾವೆ ಆ ದಿನವೂ ಮುಂದಕ್ಕೆ ಹೋಯಿತು. ಮುಂದೂಡಿಸಿದವನು ನಾನೇ, ನನ್ನ ಸಾಕ್ಷಿ ಬಂದಿರಲಿಲ್ಲ. ಬೆಂಚ್ ಕ್ಲರ್ಕ್ ಹೊಸ ತಾರೀಖು ಹೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಎದ್ದು ಬಂದ ಯಜಮಾನರು ನ್ಯಾಯಾಧೀಶರ ಕಡೆ ಕೈ ಚಾಚಿ, "ಸ್ವಾಮಿ, ಅವರು ಎಷ್ಟು ಕೊಟ್ಟಿದ್ದಾರೆ ಹೇಳಿಬಿಡಿ, ಅದರ ಮೇಲೆ ನೂರು ರೂಪಾಯಿ ನಾನು ಕೊಡುತ್ತೇನೆ" ಎಂದರು.

ಕೋರ್ಟ್ ಹಾಲ್‌ನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, "ಹತ್ತು ನಿಮಿಷ" ಎಂದು ಎದ್ದು ಚೇಂಬರಿಗೆ ಹೋದರು. ಶಿರಸ್ತೇದಾರರು ಯಜಮಾನರನ್ನು ವರಾಂಡಕ್ಕೆ ಕರೆದೊಯ್ದು ಕೂರಿಸಿ ನೀರು ಕೊಟ್ಟರು. ಅಲ್ಲಿ ಏನು ಮಾತಾಯಿತೋ ಕಾಣೆ. ಇಪ್ಪತ್ತು ನಿಮಿಷದ ನಂತರ ನ್ಯಾಯಾಧೀಶರು ಪೀಠಕ್ಕೆ ಮರಳಿದಾಗ ಯಜಮಾನರು ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, "ತಪ್ಪಾಯಿತು ಸ್ವಾಮಿ, ಹೊಟ್ಟೆ ಉರಿದು ಆಡಿಬಿಟ್ಟೆ" ಎಂದರು. ನ್ಯಾಯಾಧೀಶರು ಅವರಿಗೆ ಕೂರಲು ಹೇಳಿ ನನ್ನ ಕಡೆ ತಿರುಗಿದರು: "ವಕೀಲರೇ, ಮುಂದಿನ ತಾರೀಖಿಗೆ ನಿಮ್ಮ ಸಾಕ್ಷಿ ಬರದಿದ್ದರೆ ನಿಮ್ಮ ಕಡೆಯ ಸಾಕ್ಷ್ಯ ಮುಗಿಯಿತೆಂದು ಬರೆಯುತ್ತೇನೆ." ಅಂದಿನ ಆರ್ಡರ್ ಶೀಟಿನಲ್ಲಿ ಇರುವುದು ಇಷ್ಟೇ: ವಾದಿಯ ಸಾಕ್ಷಿ ಗೈರು, ಕೊನೆಯ ಅವಕಾಶ.

ನಮ್ಮ ತಾಲೂಕು ನ್ಯಾಯಾಲಯಗಳಲ್ಲಿ ಹುಟ್ಟುವ ಕ್ರಿಮಿನಲ್ ನಿಂದನೆಯ, ಎಂದರೆ ನ್ಯಾಯಾಲಯದ ಮಾನಕ್ಕೋ ಕೆಲಸಕ್ಕೋ ಧಕ್ಕೆ ತರುವ ಮಾತು-ನಡತೆಯ, ಪ್ರಸಂಗಗಳಲ್ಲಿ ಬಹುಪಾಲು ತೀರ್ಮಾನವಾಗುವುದು ಹೀಗೆಯೇ, ಕಾಗದದ ಮೇಲೆ ಒಂದು ಗುರುತೂ ಉಳಿಯದಂತೆ. ಇದು ನನ್ನ ಅನುಭವದ ಮಾತು, ಲೆಕ್ಕ ಹಾಕಿ ಹೇಳಿದ್ದಲ್ಲ. ಆದರೆ ಅಂದು ಆ ನ್ಯಾಯಾಧೀಶರು ಚೇಂಬರಿಗೆ ಹೋಗುವ ಬದಲು ಪೆನ್ನು ಎತ್ತಿಕೊಂಡಿದ್ದರೆ ಏನೇನಾಗಬಹುದಿತ್ತು ಎಂಬುದೇ ಇವತ್ತಿನ ನನ್ನ ವಿಷಯ.

ಕಕ್ಷಿದಾರರಲ್ಲಿ ಒಂದು ಬಲವಾದ ನಂಬಿಕೆಯಿದೆ. ನ್ಯಾಯಾಧೀಶರ ಮುಂದೆ ದನಿ ಏರಿಸಿದರೆ ಅವರು ಅಲ್ಲಿಯೇ ಆರು ತಿಂಗಳು ಒಳಗೆ ಹಾಕಿಸಬಲ್ಲರು ಎಂದು. ಹೊಸ ವಕೀಲರಲ್ಲಿಯೂ ಕೆಲವರು ಹಾಗೆಂದುಕೊಂಡಿರುತ್ತಾರೆ. ಆರು ತಿಂಗಳ ಸಾದಾ ಸೆರೆವಾಸ, 2000 ರೂಪಾಯಿ ದಂಡ, ಅಥವಾ ಎರಡೂ ಎಂಬ ಶಿಕ್ಷೆ ಇರುವುದು 1971ರ ನ್ಯಾಯಾಲಯ ನಿಂದನೆ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ. ಆ ಕಾಯ್ದೆಯಡಿ ಶಿಕ್ಷಿಸುವ ಅಧಿಕಾರ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಮಾತ್ರ. ತಾಲೂಕಿನ ಸಿವಿಲ್ ನ್ಯಾಯಾಧೀಶರಿಗೆ ಇಲ್ಲ, ಪ್ರಥಮ ದರ್ಜೆಯ (ಜೆಎಂಎಫ್‌ಸಿ) ಮ್ಯಾಜಿಸ್ಟ್ರೇಟರಿಗೆ ಇಲ್ಲ, ಮರಣದಂಡನೆ ವಿಧಿಸಬಲ್ಲ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರಿಗೂ ಇಲ್ಲ. ಅವಮಾನವಾದದ್ದು ಅವರ ಪೀಠಕ್ಕೆ, ಶಿಕ್ಷೆ ಕೊಡುವುದು ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯಲ್ಲಿ ಕುಳಿತ ಬೇರೆಯವರು.

ಹಾಗಾದರೆ ಸ್ಥಳೀಯ ನ್ಯಾಯಾಧೀಶರ ಕೈಯಲ್ಲಿ ಏನಿದೆ? ಭಾರತೀಯ ನ್ಯಾಯ ಸಂಹಿತೆಯ 267ನೇ ಸೆಕ್ಷನ್ ಇದೆ. ಹಳೆಯ ದಂಡಸಂಹಿತೆಯಲ್ಲಿ ಇದು 228 ಆಗಿತ್ತು, ಈಗಲೂ ವಕೀಲರ ಕೋಣೆಯಲ್ಲಿ ಎಲ್ಲರೂ 228 ಎಂದೇ ಹೇಳುವುದು. ವಿಚಾರಣೆಗೆ ಕುಳಿತ ನ್ಯಾಯಾಧೀಶರನ್ನು ಉದ್ದೇಶಪೂರ್ವಕವಾಗಿ ಅವಮಾನಿಸುವುದು ಅಥವಾ ಅವರ ಕೆಲಸಕ್ಕೆ ಅಡ್ಡಿ ಮಾಡುವುದು ಈ ಅಪರಾಧ. 'ಉದ್ದೇಶಪೂರ್ವಕವಾಗಿ' ಎಂಬ ಮಾತನ್ನು ಗಮನಿಸಿ. ಜೇಬಿನಲ್ಲಿ ಮರೆತ ಮೊಬೈಲು ಭಕ್ತಿಗೀತೆ ಹಾಡಿದರೆ ನ್ಯಾಯಾಧೀಶರು ಸಿಟ್ಟಾಗಬಹುದು, ಫೋನನ್ನು ಸಂಜೆಯವರೆಗೆ ಮೇಜಿನ ಮೇಲಿಡಿಸಬಹುದು, ಆದರೆ ಅದು 267 ಆಗುವುದು ಕಷ್ಟ.

ಈ ಅಪರಾಧ ತಮ್ಮ ಕಣ್ಣೆದುರೇ ನಡೆದರೆ ನ್ಯಾಯಾಧೀಶರು ಅಲ್ಲಿಯೇ ವಿಚಾರಿಸಿ ಮುಗಿಸಲು ಒಂದು ದಾರಿಯಿದೆ. ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 345 ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 384. ಆ ವ್ಯಕ್ತಿಯನ್ನು ತಡೆದು ನಿಲ್ಲಿಸಬಹುದು, ಕಾರಣ ಹೇಳಲು ಅವಕಾಶ ಕೊಟ್ಟು ದಂಡ ಹಾಕಬಹುದು. ಎಷ್ಟು ದಂಡ? 1898ರ ಸಂಹಿತೆ ಹೇಳಿದ್ದು ಗರಿಷ್ಠ 200 ರೂಪಾಯಿ. 1973ರಲ್ಲಿ ಹೊಸ ಸಂಹಿತೆ ಬಂದಾಗಲೂ 200. 2024ರ ಜೂನ್ ಕೊನೆಯವರೆಗೂ ಒಬ್ಬ ನ್ಯಾಯಾಧೀಶರು ತಮ್ಮ ಪೀಠದ ಮಾನಕ್ಕಾಗಿ ಅಲ್ಲಿಯೇ ವಿಧಿಸಬಹುದಾಗಿದ್ದ ದಂಡದಲ್ಲಿ ಇಬ್ಬರು ಒಳ್ಳೆಯ ಹೋಟೆಲಿನಲ್ಲಿ ಊಟ ಮಾಡಲಾಗುತ್ತಿರಲಿಲ್ಲ. ಈಗ ಅದು 1000 ರೂಪಾಯಿಗೆ ಏರಿದೆ. ಕಟ್ಟದಿದ್ದರೆ ಒಂದು ತಿಂಗಳವರೆಗೆ ಸಾದಾ ಸೆರೆವಾಸ. ಅಂದಹಾಗೆ, ಈ ಅಧಿಕಾರ ಕಂದಾಯ ನ್ಯಾಯಾಲಯಗಳಿಗೂ ಇದೆ. ಪಹಣಿ ತಕರಾರಿಗೆಂದು ಉಪವಿಭಾಗಾಧಿಕಾರಿಯ ಮುಂದೆ ನಿಂತು ಕೂಗಾಡುವವರಿಗೆ ಇದು ಗೊತ್ತಿರುವುದಿಲ್ಲ.

ಈ ದಾರಿಯಲ್ಲಿ ಕಾನೂನು ಎರಡು ಕಟ್ಟುಪಾಡು ಇಟ್ಟಿದೆ, ಎರಡೂ ನನಗೆ ಬಹಳ ಇಷ್ಟ. ಮೊದಲನೆಯದು ಗಡಿಯಾರದ್ದು. ಅದೇ ದಿನ, ನ್ಯಾಯಾಲಯ ಏಳುವುದರೊಳಗೆ ನ್ಯಾಯಾಧೀಶರು ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳಬೇಕು. ರಾತ್ರಿಯೆಲ್ಲ ನೆನೆದು ನೆನೆದು ಉರಿದು ಬೆಳಿಗ್ಗೆ ಬಂದು ದಂಡ ಹಾಕುವಂತಿಲ್ಲ. ಎರಡನೆಯದು ಬರವಣಿಗೆಯದು. ಏನು ನಡೆಯಿತು, ಆರೋಪಿ ಏನೆಂದ, ತಮ್ಮ ತೀರ್ಮಾನವೇನು ಎಂಬುದನ್ನು ದಾಖಲಿಸಬೇಕು. 267ರ ಅಪರಾಧವಾದರೆ ಆಗ ಯಾವ ಪ್ರಕರಣ ಯಾವ ಹಂತದಲ್ಲಿ ನಡೆಯುತ್ತಿತ್ತು, ಅವಮಾನ ಅಥವಾ ಅಡ್ಡಿ ಯಾವ ಬಗೆಯದು ಎಂಬುದೂ ದಾಖಲೆಯಲ್ಲಿ ಇರಬೇಕು. "ಅಸಭ್ಯವಾಗಿ ವರ್ತಿಸಿದನು" ಎಂದು ಒಂದು ಸಾಲು ಗೀಚಿದರೆ ಮೇಲ್ಮನವಿಯಲ್ಲಿ ಅದು ನಿಲ್ಲುವುದಿಲ್ಲ. ನನ್ನ ಕಕ್ಷಿದಾರ ಯಜಮಾನರ ವಿಷಯದಲ್ಲಿ, ಕ್ಷಮಿಸಿ, ನನ್ನ ಎದುರು ಪಕ್ಷದ ಯಜಮಾನರ ವಿಷಯದಲ್ಲಿ, ನ್ಯಾಯಾಧೀಶರು "ಅದರ ಮೇಲೆ ನೂರು ರೂಪಾಯಿ ನಾನು ಕೊಡುತ್ತೇನೆ" ಎಂಬ ಮಾತನ್ನು ತಾವೇ ಟೈಪಿಸ್ಟರಿಗೆ ಹೇಳಿ ಬರೆಸಬೇಕಾಗಿತ್ತು. ತನಗೆ ಆಡಿದ ಬೈಗುಳವನ್ನು ತಾನೇ ಅಕ್ಷರಕ್ಷರ ಬರೆಸುವಾಗ ಎಂಥವರಿಗೂ ಅದು ಬರೆಸಬೇಕಾದಷ್ಟು ದೊಡ್ಡದೇ ಎಂಬ ಯೋಚನೆ ಬಂದೇ ಬರುತ್ತದೆ.

ಸಾವಿರ ರೂಪಾಯಿ ಸಾಲದು, ಇವನನ್ನು ಜೈಲಿಗೇ ಕಳಿಸಬೇಕು ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ ಪ್ರಕರಣ ಅವರ ಕೈ ಬಿಡುತ್ತದೆ. ಸಂಗತಿಯನ್ನು ದಾಖಲಿಸಿ ಅಧಿಕಾರವುಳ್ಳ ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕು, ಮಾಮೂಲಿ ಕ್ರಿಮಿನಲ್ ಪ್ರಕರಣದಂತೆ ಅಲ್ಲಿ ನಡೆಯುತ್ತದೆ. 267ರಡಿ ಅಲ್ಲಿ ಆರು ತಿಂಗಳವರೆಗೆ ಸಾದಾ ಸೆರೆವಾಸ, 5000 ರೂಪಾಯಿವರೆಗೆ ದಂಡ ಆಗಬಹುದು. ಹೀಗೆ ದಂಡ ಹಾಕಿದ ಅಥವಾ ಪ್ರಕರಣ ಕಳಿಸಿಕೊಟ್ಟ ಮೇಲೂ ಆತ ಬಂದು ಕ್ಷಮೆ ಕೇಳಿದರೆ ಅದೇ ನ್ಯಾಯಾಧೀಶರು ಬಿಟ್ಟುಬಿಡಬಹುದು. ಅದಕ್ಕೇ ಒಂದು ಪ್ರತ್ಯೇಕ ಸೆಕ್ಷನ್ ಇದೆ, ನಾಗರಿಕ ಸುರಕ್ಷಾ ಸಂಹಿತೆಯ 387.

ಇನ್ನು ದೊಡ್ಡ ದಾರಿ. ತಾಲೂಕು ನ್ಯಾಯಾಧೀಶರಿಗೆ ಇದು ಬರೀ ವೈಯಕ್ತಿಕ ಅವಮಾನವಲ್ಲ, ನ್ಯಾಯಾಲಯದ ಮೇಲಿನ ನಂಬಿಕೆಗೇ ಪೆಟ್ಟು ಅನ್ನಿಸಿದರೆ ಅವರು ಹೈಕೋರ್ಟಿಗೆ ಉಲ್ಲೇಖ ಕಳಿಸುತ್ತಾರೆ. ವಕೀಲರು ಇದನ್ನು 'ರೆಫರೆನ್ಸ್' ಎನ್ನುತ್ತಾರೆ. 1971ರ ನಿಂದನೆ ಕಾಯ್ದೆಯ 15ನೇ ಸೆಕ್ಷನ್‌ನ ಎರಡನೇ ಉಪವಿಭಾಗ ಎರಡು ಬಾಗಿಲು ಇಟ್ಟಿದೆ: ಕೆಳಗಿನ ನ್ಯಾಯಾಲಯದ ಉಲ್ಲೇಖ ಒಂದು, ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್ ಅವರ ಅರ್ಜಿ ಇನ್ನೊಂದು. ಹೈಕೋರ್ಟು ತಾನಾಗಿಯೇ ಎತ್ತಿಕೊಳ್ಳುವುದಕ್ಕೂ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ಕೆಳಗಿನ ಉಲ್ಲೇಖ ಸಾಮಾನ್ಯವಾಗಿ ಪ್ರಧಾನ ಜಿಲ್ಲಾ ನ್ಯಾಯಾಧೀಶರ ಮೂಲಕ ಹೋಗುತ್ತದೆ. ಅಲ್ಲಿ ಎಷ್ಟೋ ಸಲ ಫೋನಿನಲ್ಲಿ ಒಂದು ಮಾತು ಬರುತ್ತದೆ: "ವಕೀಲರ ಸಂಘದ ಅಧ್ಯಕ್ಷರನ್ನು ಒಮ್ಮೆ ಕರೆಸಿ ಮಾತಾಡಿ ನೋಡಿ." ಆ ಮಾತು ಯಾವ ಸೆಕ್ಷನ್‌ನಲ್ಲಿಯೂ ಇಲ್ಲ.

ಹೈಕೋರ್ಟಿನಲ್ಲಿ ಕ್ರಿಮಿನಲ್ ನಿಂದನೆಯನ್ನು ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಪೀಠವೇ ಕೇಳಬೇಕು, ಒಬ್ಬರು ಸಾಲದು. ನೋಟಿಸನ್ನು ಆರೋಪಿಗೆ ಖುದ್ದಾಗಿ ಮುಟ್ಟಿಸಬೇಕು, ಆತ ತಪ್ಪಿಸಿಕೊಂಡು ತಿರುಗಿದರೆ ಆಸ್ತಿ ಜಪ್ತಿಗೂ ಅವಕಾಶವಿದೆ. ಆತ ಪ್ರಮಾಣಪತ್ರದ ಮೂಲಕ ಸಮರ್ಥನೆ ಸಲ್ಲಿಸಬಹುದು, ವಕೀಲರನ್ನು ಇಟ್ಟುಕೊಳ್ಳಬಹುದು. ಆರೋಪ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಘಟನೆ ನಡೆದ ಒಂದು ವರ್ಷದೊಳಗೆ ಕ್ರಮ ಶುರುವಾಗಬೇಕು. ಶಿಕ್ಷೆಯಾದರೆ ಅರವತ್ತು ದಿನದೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ, ಅದೂ ಹಕ್ಕಾಗಿ.

ಇಲ್ಲಿ ಒಂದು ಸಿಕ್ಕು ಇದೆ, ಸ್ವಲ್ಪ ನಿಂತು ಬಿಡಿಸಬೇಕು. ಅದೇ ಕಾಯ್ದೆಯ 10ನೇ ಸೆಕ್ಷನ್‌ನ ಕೊನೆಯಲ್ಲಿ ಒಂದು ಪರಂತುಕ, ಎಂದರೆ ವಿನಾಯಿತಿಯ ಮಾತು, ಇದೆ: ಕೆಳಗಿನ ನ್ಯಾಯಾಲಯದ ನಿಂದನೆ ದಂಡಸಂಹಿತೆಯಡಿ ಶಿಕ್ಷಾರ್ಹ ಅಪರಾಧವಾಗಿದ್ದರೆ ಹೈಕೋರ್ಟು ಅದನ್ನು ಎತ್ತಿಕೊಳ್ಳಬಾರದು. ಓದಿದ ಕೂಡಲೇ ನಿಂದಕನಿಗೆ ಖುಷಿಯಾಗುತ್ತದೆ. ನಾನು ಆಡಿದ್ದು 228ರ ಅಪರಾಧ, ಇಲ್ಲವೇ ಮಾನನಷ್ಟ, ಹೈಕೋರ್ಟಿಗೆ ಇದರಲ್ಲಿ ಏನು ಕೆಲಸ ಎಂದು ವಾದಿಸಬಹುದಲ್ಲ! ಇಂಥದೇ ಮಾತಿದ್ದ ಹಳೆಯ ಕಾಯ್ದೆಯಡಿ ಈ ವಾದವನ್ನು ಸುಪ್ರೀಂ ಕೋರ್ಟು 1952ರಲ್ಲೇ ಕೇಳಿತು. ನೆಲ್ಲೂರಿನ 'ಪ್ರಜಾರಾಜ್ಯಂ' ಎಂಬ ತೆಲುಗು ವಾರಪತ್ರಿಕೆ 1949ರಲ್ಲಿ ಕೊವ್ವೂರಿನ ಸಬ್ ಮ್ಯಾಜಿಸ್ಟ್ರೇಟರು ಲಂಚ ತಿನ್ನುತ್ತಾರೆ ಎಂಬರ್ಥದ ಲೇಖನ ಹಾಕಿತ್ತು. ಮದ್ರಾಸ್ ಹೈಕೋರ್ಟು ಪತ್ರಿಕೆಯ ಸಂಪಾದಕರಿಗೆ ಮೂರು ತಿಂಗಳ ಸಾದಾ ಸೆರೆವಾಸ ವಿಧಿಸಿತು. ಇದು ಮಾನನಷ್ಟ, ಮಾನನಷ್ಟ ದಂಡಸಂಹಿತೆಯಲ್ಲಿದೆ, ಆದ್ದರಿಂದ ಹೈಕೋರ್ಟಿಗೆ ಅಧಿಕಾರವಿಲ್ಲ ಎಂದು ಅವರು ವಾದಿಸಿದರು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆ ಕೃತ್ಯವನ್ನು ದಂಡಸಂಹಿತೆ ನ್ಯಾಯಾಲಯದ ನಿಂದನೆ ಎಂದೇ ಶಿಕ್ಷಿಸುವಂತಿದ್ದರೆ ಮಾತ್ರ ಹೈಕೋರ್ಟಿನ ಬಾಗಿಲು ಮುಚ್ಚುತ್ತದೆ. ಅದೇ ಕೃತ್ಯ ಬೇರೆ ಹೆಸರಿನ ಅಪರಾಧವೂ ಆಗಿದೆ ಎಂಬ ಕಾರಣಕ್ಕೆ ಮುಚ್ಚುವುದಿಲ್ಲ ಎಂದಿತು.

ಸರಳವಾಗಿ ಹೇಳಬೇಕೆಂದರೆ, "ನೀವು ಕೆಲಸಕ್ಕೆ ಬಾರದವರು" ಎಂದು ಪೀಠದ ಮುಂದೆ ಕೂಗುವುದು ಬಹುಮಟ್ಟಿಗೆ ಸ್ಥಳೀಯ ಬಾಗಿಲಿನಲ್ಲೇ ಮುಗಿಯುವ ವಿಷಯ. ಅದೇ ನ್ಯಾಯಾಧೀಶರು ತೀರ್ಪು ಮಾರುತ್ತಾರೆ ಎಂದು ಕರಪತ್ರ ಹಂಚಿದರೆ, ವಾಟ್ಸಾಪಿನಲ್ಲಿ ಹರಡಿದರೆ, ಹೈಕೋರ್ಟಿನ ಬಾಗಿಲು ತೆರೆದೇ ಇರುತ್ತದೆ. ನಡುವೆ ಬೂದು ಬಣ್ಣದ ಜಾಗ ಬೇಕಾದಷ್ಟಿದೆ. ನಮ್ಮ ಯಜಮಾನರ ನೂರು ರೂಪಾಯಿಯ ಮಾತು ಯಾವ ಕಡೆಗೆ ಬೀಳುತ್ತಿತ್ತು ಎಂದು ನಾನು ಈಗಲೂ ಯೋಚಿಸುವುದುಂಟು.

ಟೀಕೆಯೆಲ್ಲ ನಿಂದನೆಯಲ್ಲ ಎಂಬುದಕ್ಕೂ ಅದೇ ಕಾಲದ ಒಂದು ತೀರ್ಪು ಆಧಾರ. ಉತ್ತರ ಪ್ರದೇಶದ ಮುಜಫ್ಫರನಗರದ ವಕೀಲರ ಸಂಘದವರು ಇಬ್ಬರು ಅಧಿಕಾರಿಗಳು ನ್ಯಾಯದಾನಕ್ಕೆ ಅಯೋಗ್ಯರು ಎಂದು ಠರಾವು ಮಾಡಿ ಮೇಲಧಿಕಾರಿಗಳಿಗೆ ಕಳಿಸಿದ್ದರು. ಹೈಕೋರ್ಟು ಅದನ್ನು ನಿಂದನೆ ಎಂದಿತು, 1953ರಲ್ಲಿ ಸುಪ್ರೀಂ ಕೋರ್ಟು ಅಲ್ಲ ಎಂದಿತು. ನ್ಯಾಯಾಧೀಶರೊಬ್ಬರ ಮಾನಕ್ಕೆ ಧಕ್ಕೆ ತರುವುದು ಬೇರೆ, ನ್ಯಾಯದಾನಕ್ಕೇ ಅಡ್ಡಿ ತರುವುದು ಬೇರೆ. ಮೊದಲನೆಯದಕ್ಕೆ ಆ ನ್ಯಾಯಾಧೀಶರು ಎಲ್ಲರಂತೆ ಮಾನನಷ್ಟ ಮೊಕದ್ದಮೆ ಹಾಕಿಕೊಳ್ಳಲಿ, ನಿಂದನೆಯ ಕಾನೂನು ಅವರ ಸ್ವಂತ ಗುರಾಣಿಯಲ್ಲ. 2006ರ ತಿದ್ದುಪಡಿಯ ನಂತರ, ಸಾರ್ವಜನಿಕ ಹಿತಕ್ಕಾಗಿ ಪ್ರಾಮಾಣಿಕವಾಗಿ ಆಡಿದ ಸತ್ಯವನ್ನು ಸಮರ್ಥನೆಯಾಗಿ ಒಡ್ಡಲು ನ್ಯಾಯಾಲಯ ಅವಕಾಶ ಕೊಡಬಹುದು. ಕೊವ್ವೂರಿನ ಲೇಖನದ ಕಾಲದಲ್ಲಿ ಕಾಯ್ದೆಯಲ್ಲಿ ಅಂಥ ಮಾತು ಇರಲಿಲ್ಲ.

ನಿಜವಾಗಿ ಭಾರವಾದ ಪ್ರಸಂಗಗಳೂ ಇವೆ. 1989ರ ಸೆಪ್ಟೆಂಬರಿನಲ್ಲಿ ಗುಜರಾತಿನ ನಡಿಯಾದ್‌ನ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರನ್ನು ಪೊಲೀಸರು ಠಾಣೆಗೆ ಕರೆಸಿಕೊಂಡು ಹೊಡೆದು, ಬೇಡಿ ತೊಡಿಸಿ, ಹಗ್ಗ ಕಟ್ಟಿ, ಮದ್ಯ ಕುಡಿದಿದ್ದರೆಂದು ಪ್ರಕರಣ ಹೂಡಿದರು. ಗುಜರಾತಿನಲ್ಲಿ ಪಾನನಿಷೇಧವಿದೆ, ನೆನಪಿರಲಿ. ನ್ಯಾಯಾಧೀಶರ ಸಂಘಗಳು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದವು. 1991ರ ತೀರ್ಪಿನಲ್ಲಿ ಆ ಇನ್‌ಸ್ಪೆಕ್ಟರಿಗೆ ಆರು ತಿಂಗಳ ಸೆರೆವಾಸವೂ 2000 ರೂಪಾಯಿ ದಂಡವೂ ಆಯಿತು, ಎಂದರೆ ಕಾಯ್ದೆ ಕೊಡಬಲ್ಲ ಪೂರ್ತಿ ಶಿಕ್ಷೆ. ತಾಲೂಕಿನ ಮ್ಯಾಜಿಸ್ಟ್ರೇಟರಿಗಾದ ನಿಂದನೆಯನ್ನೂ ತಾನು ಶಿಕ್ಷಿಸಬಲ್ಲೆ ಎಂದು ಸುಪ್ರೀಂ ಕೋರ್ಟು ಘೋಷಿಸಿದ್ದೂ ಅದೇ ತೀರ್ಪಿನಲ್ಲಿ. ನನ್ನ ಮಟ್ಟಿಗೆ ನಿಂದನೆಯ ಕಾನೂನು ಇರಬೇಕಾದದ್ದೇ ಇಂಥದ್ದಕ್ಕೆ. ಪೊಲೀಸರಿಗೆ ವಾರಂಟು ಕಳಿಸಿದ ಮ್ಯಾಜಿಸ್ಟ್ರೇಟರು ಅವರಿಗೇ ಹೆದರಬೇಕಾಗಿ ಬಂದರೆ ಜಾಮೀನು ಕೇಳಲು ನಾವು ಯಾರ ಬಳಿಗೆ ಹೋಗಬೇಕು? ಅದಕ್ಕೆ ಹೋಲಿಸಿದರೆ ಹೊಟ್ಟೆ ಉರಿದ ರೈತರ ಮಾತು ಯಾವ ಲೆಕ್ಕ!

ಈಗ ಕ್ಷಮೆಯ ವಿಷಯ. ಹೈಕೋರ್ಟಿನವರೆಗೆ ಹೋದ ಉಲ್ಲೇಖಗಳಲ್ಲಿಯೂ ಎಷ್ಟೋ ಮುಗಿಯುವುದು ಬೇಷರತ್ ಕ್ಷಮಾಪಣೆಯಲ್ಲಿ. 1926ರ ಮೊದಲ ನಿಂದನೆ ಕಾಯ್ದೆಯಲ್ಲೇ ಕ್ಷಮೆಯ ಮಾತಿತ್ತು. ಆರು ತಿಂಗಳು, 2000 ರೂಪಾಯಿ ಎಂಬ ಮಿತಿಯೂ ಆಗಿನದೇ. ನೂರು ವರ್ಷದಲ್ಲಿ ಎಲ್ಲದರ ಬೆಲೆ ಏರಿತು, ನಿಂದನೆಯದು ಏರಲಿಲ್ಲ. 1971ರ ಕಾಯ್ದೆ ಇನ್ನೂ ಉದಾರವಾಯಿತು: ಪ್ರಾಮಾಣಿಕವಾಗಿ ಕೇಳಿದ ಕ್ಷಮೆಯನ್ನು ಷರತ್ತಿನದ್ದು ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದಿತು.

ಆದರೆ ಕ್ಷಮೆಗೂ ಹದ ಇದೆ. ಉತ್ತರ ಪ್ರದೇಶದ ವಕೀಲರೊಬ್ಬರು ಕರಿಕೋಟು ಇಲ್ಲದೆ ಅಂಗಿ ಪ್ಯಾಂಟಿನಲ್ಲಿ ವಾದಕ್ಕೆ ನಿಂತರು. ನ್ಯಾಯಾಧೀಶರು ಆಕ್ಷೇಪಿಸಿದ್ದಕ್ಕೆ ಮುನಿದು ಹೊರನಡೆದರು, ಆಮೇಲೆ ಅದೇ ನ್ಯಾಯಾಧೀಶರನ್ನು ಭ್ರಷ್ಟರೆಂದು ಕರೆದು ಲಿಖಿತ ಅರ್ಜಿ ಕೊಟ್ಟರು. ಹೈಕೋರ್ಟು ಒಂದು ವಾರದ ಸೆರೆವಾಸ, 500 ರೂಪಾಯಿ ದಂಡ ವಿಧಿಸಿತು. ಅವರು ಕ್ಷಮಾಪಣೆಯನ್ನು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟಿಗೆ ಹೋದರೆ, ಹೊಡೆಯುವುದು, ಸಾರಿ ಎನ್ನುವುದು, ಮರೆತುಬಿಡುವುದು ಎಂಬ ಪಂಥಕ್ಕೆ ನಾವು ಸೇರಿದವರಲ್ಲ ಎಂದು ಅದು 1984ರಲ್ಲಿ ಹೇಳಿತು. ಅದು ಕಾಗದದ ಕ್ಷಮೆಯಾಗಿತ್ತು, ಮನಸ್ಸಿನದಾಗಿರಲಿಲ್ಲ ಎಂಬುದು ಪೀಠದ ಅಭಿಪ್ರಾಯ.

ನನ್ನ ಬಳಿಗೆ ನೋಟಿಸು ಹಿಡಿದುಕೊಂಡು ಬರುವವರಿಗೆ ನಾನು ಹೇಳುವುದು ಒಂದೇ. ಕ್ಷಮೆ ಕೇಳುವುದಾದರೆ ಇಂದೇ ಕೇಳಿ, ಹೋರಾಡುವುದಾದರೆ ಕ್ಷಮೆ ಕೇಳಬೇಡಿ. ಇಪ್ಪತ್ತು ಪುಟ ಸಮರ್ಥನೆ ಬರೆದು ಕೊನೆಯ ಪುಟದಲ್ಲಿ "ಒಂದು ವೇಳೆ ನ್ಯಾಯಾಲಯಕ್ಕೆ ನೋವಾಗಿದ್ದರೆ" ಎಂದು ಸೇರಿಸುವ ಪದ್ಧತಿ ನಮ್ಮಲ್ಲಿ ವಿಪರೀತ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ಸಮರ್ಥನೆಯೂ ಕ್ಷಮೆಯೂ ಜೊತೆಗೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 1950ರ ದಶಕದಷ್ಟು ಹಿಂದೆಯೇ ಹೇಳಿದೆ. ಇನ್ನೊಂದು ಮಾತು: ಹೈಕೋರ್ಟಿನಲ್ಲಿ ಕೈಮುಗಿಯಲು ಸಿದ್ಧರಾದ ಎಷ್ಟೋ ಜನರಿಗೆ ತಾಲೂಕು ನ್ಯಾಯಾಧೀಶರ ಮುಂದೆ ಕೈಮುಗಿಯುವುದು ಕಷ್ಟ. ಅಲ್ಲಿ ಊರವರು ಕುಳಿತಿರುತ್ತಾರಲ್ಲ. ಹೈಕೋರ್ಟು ಕೆಲವೊಮ್ಮೆ, ಮೊದಲು ಅದೇ ನ್ಯಾಯಾಲಯಕ್ಕೆ ಹೋಗಿ ಕ್ಷಮೆ ಕೇಳಿ ಬನ್ನಿ ಎನ್ನುವುದು ಇದಕ್ಕೇ.

ಕಾನೂನು ಆಯೋಗದ 274ನೇ ವರದಿ 2018ರಲ್ಲಿ ಬಂತು. ಆಗ ದೇಶದ ಹೈಕೋರ್ಟುಗಳಲ್ಲಿ ಬಾಕಿಯಿದ್ದ ಸಿವಿಲ್ ನಿಂದನೆ ಪ್ರಕರಣಗಳು 96 ಸಾವಿರಕ್ಕೂ ಹೆಚ್ಚು. ಕ್ರಿಮಿನಲ್ ನಿಂದನೆಯವು ಆರುನೂರಕ್ಕೂ ಕಡಿಮೆ. ಮೊದಲನೆಯ ರಾಶಿಯ ಬಹುಭಾಗ ಆದೇಶ ಪಾಲಿಸದವರ ಕಥೆ, ಅದರಲ್ಲಿ ಸರ್ಕಾರಿ ಇಲಾಖೆಗಳದ್ದೇ ದೊಡ್ಡ ಪಾಲು. ಎರಡನೆಯದು ಇಷ್ಟು ಚಿಕ್ಕದಾಗಿರುವುದಕ್ಕೆ ಜನ ನ್ಯಾಯಾಧೀಶರನ್ನು ಬೈಯುವುದಿಲ್ಲ ಎಂಬುದು ಕಾರಣವಾಗಿರಲಾರದು. ವರಾಂಡದಲ್ಲಿ ನೀರು ಕೊಡುವ ಶಿರಸ್ತೇದಾರರು ಇನ್ನೂ ಇದ್ದಾರೆ.

ಸಭೆಯಲ್ಲಿ ಬಂದ ಪ್ರಶ್ನೆಗಳು.

ಒಬ್ಬ ಶಿಕ್ಷಕಿ ಕೇಳಿದರು: "ನ್ಯಾಯಾಧೀಶರೇ ಕಕ್ಷಿದಾರರನ್ನು ಹೀನಾಯವಾಗಿ ಬೈದರೆ?" ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ನ್ಯಾಯಾಧೀಶರೂ ತಮ್ಮ ನ್ಯಾಯಾಲಯದ ನಿಂದನೆಗೆ ಹೊಣೆಯಾಗಬಹುದು. ಅದು ಬಳಕೆಯಾಗುವುದು ಅಪರೂಪ. ಹೆಚ್ಚು ಉಪಯೋಗದ್ದು 6ನೇ ಸೆಕ್ಷನ್: ಕೆಳಗಿನ ನ್ಯಾಯಾಧೀಶರ ಬಗ್ಗೆ ಹೈಕೋರ್ಟಿಗೆ ಸದ್ಭಾವನೆಯಿಂದ ಬರೆದ ದೂರು ನಿಂದನೆಯಾಗುವುದಿಲ್ಲ. ಬೆಂಗಳೂರಿನ ಹೈಕೋರ್ಟಿನಲ್ಲಿ ಇಂಥ ದೂರುಗಳಿಗೆಂದೇ ಜಾಗೃತ ವಿಭಾಗದ ರಿಜಿಸ್ಟ್ರಾರ್ ಇದ್ದಾರೆ. ಫೇಸ್‌ಬುಕ್ಕಿನಲ್ಲಿ ಬರೆಯುವುದನ್ನು ಅಲ್ಲಿಗೆ ಬರೆಯಿರಿ, ನಡೆದದ್ದನ್ನಷ್ಟೇ ಬರೆಯಿರಿ.

ಒಬ್ಬ ಯುವಕ: "ತಡೆಯಾಜ್ಞೆ ಇದ್ದರೂ ಪಕ್ಕದವರು ಗೋಡೆ ಕಟ್ಟಿದ್ದಾರೆ. ಇದು ಕ್ರಿಮಿನಲ್ ನಿಂದನೆಯಲ್ಲವೇ?" ಅಲ್ಲ. ಅದು ಆದೇಶದ ಉಲ್ಲಂಘನೆ. ಅದಕ್ಕೆ ಹೈಕೋರ್ಟಿಗೆ ಓಡಬೇಕಾಗಿಲ್ಲ, ತಡೆಯಾಜ್ಞೆ ಕೊಟ್ಟ ನ್ಯಾಯಾಲಯದಲ್ಲೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 2ಎ ನಿಯಮದಡಿ ಅರ್ಜಿ ಹಾಕಿ. ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಬಂಧನ, ಎರಡೂ ತಾಲೂಕು ನ್ಯಾಯಾಧೀಶರ ಕೈಯಲ್ಲೇ ಇವೆ. ತನಗಾದ ಅವಮಾನಕ್ಕೆ ಸಾವಿರ ರೂಪಾಯಿ ಮೀರಿ ದಂಡ ಹಾಕಲಾಗದ ನ್ಯಾಯಾಧೀಶರು ನಿಮ್ಮ ಗೋಡೆಗಾಗಿ ಒಬ್ಬರನ್ನು ಮೂರು ತಿಂಗಳು ಒಳಗಿಡಬಲ್ಲರು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು: "ಆ ಯಜಮಾನರಿಗೆ ಜಮೀನಿನ ಪಾಲು ಸಿಕ್ಕಿತೇ?" ಸಿಕ್ಕಿತು. ಮುಂದಿನ ತಾರೀಖಿಗೂ ನನ್ನ ಸಾಕ್ಷಿ ಬರಲಿಲ್ಲ, ನ್ಯಾಯಾಧೀಶರು ಹೇಳಿದಂತೆಯೇ ಬರೆದರು, ಎರಡು ತಿಂಗಳಲ್ಲಿ ತೀರ್ಪಾಯಿತು. ನನ್ನ ಕಕ್ಷಿದಾರರು ನನ್ನನ್ನು ಬೈದ ಬೈಗುಳ ಯಾವ ಸೆಕ್ಷನ್‌ಗೂ ಬರುವಂಥದ್ದಲ್ಲ. ನಾವು ಮೇಲ್ಮನವಿ ಹಾಕಿದೆವು. ಅದು ಇನ್ನೂ ಒಂಬತ್ತು ವರ್ಷ ನಡೆಯಿತು.